ಹತ್ತಕ್ಕೆ ಹತ್ತೂ ಬೋಳುಕತ್ತು

ಫೆಬ್ರುವರಿ 8, 2025. ಬೆಳಿಗ್ಗೆ 7
ಹೇಂಟೆಗೆ ನೀರಿಟ್ಟೆ. ಕಾವಿಗೆ ಕೂತು ಐದು ದಿನ. ದಾಸಮ್ಮ ಬಲಸಮುದ್ರದ ತವರಿಗೆ ಹೋಗಿಯೂ ಐದು ದಿನ. ಟೀ ಅಂಗಡಿಯಲ್ಲಿ ನಾಲ್ಕು ಜನರ ಮುಂದೆ ಅಂದಿದ್ದೆ — ನನ್ನ ಮಾತು ಮೀರಿ ಹೆಂಡತಿ ಹೊಸಿಲು ದಾಟಲ್ಲ ಅಂತ. ಅವತ್ತೇ ದಾಟಿದಳು. ಬ್ಯಾಗ್ ಹಿಡಿದು ನಿಂತು, ಕೋಳಿಕುಕ್ಕೆ ತೋರಿಸಿ ಪಂದ್ಯ ಬೇರೆ: "ಹತ್ತು ಮೊಟ್ಟೆ ಐತೆ. ನಿನ್ ಹುಂಜನಂಗೆ ಒಂದು ಮರಿ ಬಂದ್ರೂ ಫೋನ್ ಮಾಡು, ಬತ್ತೀನಿ."
ಒಂದೇನು, ಹತ್ತೂ ಬರುತ್ತವೆ. ನನ್ನ ಕೆಂಪು ಹುಂಜಕ್ಕೆ ಇಡೀ ದೊಡ್ಡೇರಿಯಲ್ಲಿ ಎದುರಿಲ್ಲ. ಹೇಂಟೆಯನ್ನು ಅಟ್ಟಿಸಿಕೊಂಡು ಹೋಗಿ ಹಿಡಿಯುತ್ತದೆ. ಪಕ್ಕದ ಮನೆ ಅಡವಯ್ಯನದೂ ಒಂದು ಹುಂಜ... ಕತ್ತಿನಲ್ಲಿ ಒಂದು ಪುಕ್ಕವಿಲ್ಲ. ಹುಳ ಸಿಕ್ಕಿದರೆ ತಾನು ತಿನ್ನದೆ ಹೇಂಟೆಯನ್ನು ಕರೆಯುತ್ತದೆ. ಅದೂ ಒಂದು ಗಂಡು.

ಫೆಬ್ರುವರಿ 15
ಮುದ್ದೆ ಗಂಟು ಗಂಟು. ಅಡವಯ್ಯ ಕೇಳಿದ್ದಕ್ಕೆ ಊಟ ಭರ್ಜರಿ ಅಂದೆ. ಅವಳ ಸೀರೆ ಇನ್ನೂ ತಂತಿಯ ಮೇಲಿದೆ. ಒಣಗಿ ಹನ್ನೆರಡು ದಿನ. ತೆಗೆಯಲಿಲ್ಲ.

ಫೆಬ್ರುವರಿ 24. ಮಧ್ಯಾಹ್ನ
ಮರಿಗಳು ಹೊರಬಂದವು. ಹತ್ತಕ್ಕೆ ಹತ್ತೂ ಬೋಳುಕತ್ತು.
ಅಕ್ಕನ ಮಗಳು ರಾಧಾಮಣಿಗೆ ಫೋನ್ ಮಾಡಿದೆ. ತುಮಕೂರಿನಲ್ಲಿ ಜೆನೆಟಿಕ್ಸ್ ಎಂಎಸ್ಸಿ ಓದುತ್ತಾಳೆ. ಬೋಳುಕತ್ತಿನ ಜೀನ್ ಅಪ್ಪನಿಂದ ಒಂದು ಬಂದರೂ ಸಾಕಂತೆ, ಮರಿಯಲ್ಲಿ ಕಾಣುತ್ತದಂತೆ. ನನ್ನ ಹುಂಜ ದಿನಾ ಹಿಡಿಯುತ್ತಿತ್ತಲ್ಲ ಅಂದೆ.
"ಹಿಡೀಲಿ ಮಾವ. ಬ್ಯಾಡದ ಹುಂಜದ ಬೀಜಾನ ಹೇಂಟೆ ಆಮೇಲೆ ಆಚೆಗೆ ಹಾಕ್ಬುಡ್ತದೆ."
ಗಂಡು ಬಲವಂತ ಕಲಿತಷ್ಟೂ ಹೆಣ್ಣು ತಪ್ಪಿಸಿಕೊಳ್ಳುವುದನ್ನು ಕಲಿಯುತ್ತದಂತೆ. ಲಕ್ಷಾಂತರ ವರ್ಷದಿಂದ ಈ ಜಗಳ ಇಬ್ಬರ ಜೀನಿನಲ್ಲೂ ನಡೆದೇ ಇದೆಯಂತೆ.
ದಾಸಮ್ಮನಿಗೆ ಎಂಎಸ್ಸಿ ಓದದೆಯೇ ಗೊತ್ತಿತ್ತು.

ಫೆಬ್ರುವರಿ 27
ಕೊರಟಗೆರೆಗೆ ಹೋಗಿ, ಕತ್ತು ಬೋಳಿಲ್ಲದ ಮರಿಯೊಂದನ್ನು ತಂದು ಕುಕ್ಕೆಗೆ ಬಿಟ್ಟೆ. ಫೋಟೋ ತೆಗೆದು ದಾಸಮ್ಮನಿಗೆ ಕಳಿಸುವ ಪ್ಲಾನು. ಹೇಂಟೆ ಕುಕ್ಕಿ ಕುಕ್ಕಿ ಆಚೆ ತಳ್ಳಿತು. ಮರಿಯನ್ನು ಜೇಬಿನಲ್ಲಿಟ್ಟುಕೊಂಡು ಸುಮಾರು ಹೊತ್ತು ಕೂತಿದ್ದೆ. ಆಮೇಲೆ ಅವಳಿಗೇ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಕೊರಟಗೆರೆ ಮರಿಯ ವಿಷಯವನ್ನೂ.
"ಸೋತೆ ಕಣೆ."
ನಕ್ಕಳು. ಇಪ್ಪತ್ತನಾಲ್ಕು ದಿನವಾಗಿತ್ತು ಆ ನಗು ಕೇಳಿ.
"ನಿನ್ ಹುಂಜ ಈಗೇನ್ ಮಾಡ್ತೈತೆ?"
"ಬಾಯ್ ಮುಚ್ಕಂಡು ಕುಂತೈತೆ."
"ಭಾನುವಾರದ ಗಂಟ ಅಂಗೇ ಕುಂತಿರ್ಲಿ. ನೋಡಾನ."

ಮಾರ್ಚ್ 2, ಭಾನುವಾರ
ಸೀರೆ ಮಡಿಸಿಟ್ಟೆ. ಮುದ್ದೆ ಇವತ್ತು ಗಂಟಿಲ್ಲ. ಎರಡು ಕಟ್ಟಿದೆ. ಉಂಡಿಲ್ಲ, ಮುಚ್ಚಿಟ್ಟಿದ್ದೇನೆ. ಅವಳು ಬರಬೇಕಾದ ಪಾವಗಡದ ಬಸ್ಸಿನ ಹಾರನ್... ಹೊಸಿಲು ದಾಟಿ ನಿಂತರೆ ರಸ್ತೆ ಕಾಣುತ್ತದೆ. ನೋಡಿ ಬಂದು ಬರೆ—