ಖಾಲಿ ಜೀಪು ನೆಟ್ಟಗೇ ಹೋಗಿತ್ತು

ಅಪ್ಪಾ,

ಮತ್ತೆ ಅದೇ ಟೈರಿನ ಮಾತು ತೆಗೆದಳು ಅಂತ ಮುಖ ತಿರುಗಿಸಬೇಡ. ನೀನಿದ್ದಾಗ ಈ ಮಾತನ್ನು ನಾನು ಪೂರ್ತಿ ಕೇಳಿಸಿಕೊಳ್ಳಲೇ ಇಲ್ಲ. ಈಗ ಹೇಳದೆ ಇರಲಾಗುತ್ತಿಲ್ಲ.

ಎಮ್ಮಿಗನೂರಿನ ನಮ್ಮ ಅಂಗಳದಲ್ಲಿ, ನಾಟಿಯ ಹೆಣ್ಣುಮಕ್ಕಳನ್ನು ಗದ್ದೆಗೆ ಒಯ್ಯುತ್ತಿದ್ದ ಹಳೇ ಜೀಪಿನ ಮುಂದೆ ನೀನು ಕುಕ್ಕರಗಾಲಿನಲ್ಲಿ ಕೂತಿದ್ದ ಬೆಳಿಗ್ಗೆ ನೆನಪಿದೆಯಾ? ಸಂಡೂರಿನ ಗಣಿಯಿಂದ ನಾನು ರಜೆಗೆ ಬಂದಿದ್ದೆ. ಮುಂದಿನ ಎರಡೂ ಟೈರು ಜೋಡಿಯಾಗಿ ಹಾಕಿಸಿದ್ದವು. ಬಲಗಡೆಯದು ಇನ್ನೂ ಚೆನ್ನಾಗಿತ್ತು, ಎಡಗಡೆಯದರ ಹೊರ ಅಂಚು ಮಾತ್ರ ಬೋಳಾಗಿತ್ತು. "ಅಂಗೈ ಇಟ್ಟು ಸವರಿ ನೋಡವ್ವಾ. ಹೊರಗಿಂದ ಒಳಕ್ಕ ಸವರಿದ್ರ ನುಣುಪು, ಒಳಗಿಂದ ಹೊರಕ್ಕ ಎಳದ್ರ ಗರಗಸದಂಗ ಹತ್ತತೈತಿ. ಚಕ್ರ ಅಡ್ಡಡ್ಡ ಉಜ್ಜಾಕ ಹತ್ತೈತಿ" ಅಂದೆ ನೀನು. ನಾನು ಕೈ ಇಡಲಿಲ್ಲ. ಹೊಸಪೇಟೆಯಲ್ಲಿ ಗೆಳತಿಯ ಮದುವೆ ಇತ್ತು, ಆಗಷ್ಟೇ ಸೀರೆ ಉಟ್ಟು ನಿಂತಿದ್ದೆ, ಕೈ ಕರ್ರಗಾಗುತ್ತಲ್ಲ ಅಂತ. "ಕಾಲುವಿ ಕಲ್ಲಿಗೆ ಉಜ್ಜಿಸಿರ್ತಿ, ಬಿಡಪ್ಪಾ" ಅಂದುಬಿಟ್ಟೆ.

ನಿನ್ನ ಕಣ್ಣಿನ ಪೊರೆ ತೆಗೆಸಿ ಆಗಿನ್ನೂ ಬಹಳ ದಿನ ಆಗಿರಲಿಲ್ಲ. ಗಣಿಯಲ್ಲಿ ನಮ್ಮಂಥ ಡ್ರೈವರುಗಳಿಗೆ ವರ್ಷವರ್ಷವೂ ಕಣ್ಣಿನ ಪರೀಕ್ಷೆ ಮಾಡುತ್ತಾರೆ. ಅದೇ ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಟೈರು ಸವೆದದ್ದು ಗಾಡಿಯಿಂದಲ್ಲ, ಅಪ್ಪನ ಕಣ್ಣಿನಿಂದ ಎಂದು ತೀರ್ಮಾನ ಮಾಡಿಬಿಟ್ಟೆ. ನನಗೆ ಸ್ಟೇರಿಂಗು ಹಿಡಿಯಲು ಕಲಿಸಿದವನು ನೀನು. ನಿನ್ನ ಕಣ್ಣಿಗೆ ತೀರ್ಪು ಕೊಡಲು ನಾನ್ಯಾರು?

ಆದರೂ ನೀನು ಜಗಳ ಮಾಡಲಿಲ್ಲ. "ಖಾಲಿ ಇದ್ದಾಗ ಸುಮ್ನ ಹೋಗ್ತೈತಿ. ಮಂದಿ ಕುಂತ್ರ ಎಡಕ್ಕ ಎಳೀತೈತಿ. ನಾಟಿ ಹೆಣ್ಮಕ್ಳು ಹತ್ತಿದ ಮ್ಯಾಲ ನೀನ ಒಂದ್ಸಲ ಹಿಡದು ನೋಡು" ಎಂದಷ್ಟೇ ಹೇಳಿದೆ. ನಾನು ಏನು ಮಾಡಿದೆ? ಒಬ್ಬಳೇ ಹತ್ತಿ ಕಂಪ್ಲಿ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂದೆ. ನೆಟ್ಟಗೇ ಹೋಯಿತು. ಹೊಸಪೇಟೆಗೆ ಒಯ್ದು ಚಕ್ರ ನೆಟ್ಟಗಿವೆಯೇ ಎಂದು ನೋಡುವ ಅಲೈನ್‌ಮೆಂಟ್ ಮಷಿನ್ನಿಗೆ ನಿಲ್ಲಿಸಿದೆ, ಅಲ್ಲೂ ಖಾಲಿಯೇ. ಮಷಿನ್ನೂ ಸರಿಯಿದೆ ಅಂದಿತು. ದಿನಾ ಡಂಪರು ಓಡಿಸುವವಳು ನಾನು. ಖಾಲಿ ಗಾಡಿಯ ನಡೆ ಬೇರೆ, ಲೋಡಾದ ಗಾಡಿಯ ನಡೆ ಬೇರೆ ಅಂತ ನನಗೆ ಯಾರಾದರೂ ಹೇಳಿಕೊಡಬೇಕಾಗಿತ್ತೇ? ಗೊತ್ತಿತ್ತಪ್ಪಾ. ಗೊತ್ತಿದ್ದೂ ನೋಡಲಿಲ್ಲ.

ಮರುದಿನ ಹೆಣ್ಣುಮಕ್ಕಳು ಬುತ್ತಿ ಹಿಡಿದು ಬಂದರು. ಅವರ ಗುಂಪಿನ ಹಿರಿಯಳು ಹುಲಿಗೆಮ್ಮತ್ತೆ ಯಾವತ್ತಿನಂತೆ ಮುಂದಿನ ಸೀಟಿಗೆ ಹತ್ತಿದಳು. ಅವರೆಲ್ಲರ ಮುಂದೆಯೇ ನಿನ್ನ ಕೈಯಿಂದ ಕೀಲಿ ಇಸಿದುಕೊಂಡೆ. "ಅಪ್ಪಗ ಕಣ್ಣು ಕಾಣ್ಸಂಗಿಲ್ಲ, ಇನ್ಮ್ಯಾಲ ಟ್ರ್ಯಾಕ್ಟರಿಗೆ ಹೋಗ್ರಿ" ಅಂದೆ. ಒಳಗೆ ಕರೆದು ಹೇಳಬಹುದಿತ್ತು. ಆ ನಾಲಿಗೆಗೆ ಏನಾಗಿತ್ತೋ. ನೀನು ಹೆಗಲ ಮೇಲಿನ ಟವೆಲ್ಲಿನಿಂದ ಕೈ ಒರೆಸಿಕೊಂಡು ಮನೆ ಮುಂದಿನ ಕಟ್ಟೆಗೆ ಹೋಗಿ ಕೂತೆ.

ಮುಂದಿನ ಸಲ ನಾನು ಬಂದಾಗಲೂ ನೀನು ಕಟ್ಟೆ ಮೇಲೇ ಇದ್ದೆ. ಎದುರಿಗೇ ನಿಂತರೂ ಹಣೆಗೆ ಕೈ ಅಡ್ಡ ಹಿಡಿದು, "ಯಾರವ್ವಾ ಅದು?" ಎಂದು ಕೇಳಿದೆ. ನನಗೆ ಸಂಕಟಕ್ಕಿಂತ ಮೊದಲು ಬಂದದ್ದು ಸಮಾಧಾನ. ನಾನು ಮಾಡಿದ್ದೇ ಸರಿ ಅನ್ನಿಸಿತು. ಹೇಳಲು ನಾಚಿಕೆಯಾಗುತ್ತದೆ. ಆ ಮಳೆಗಾಲ ಮುಗಿಯುವುದರೊಳಗೆ ಎದೆನೋವು ಅಂದವನು ಹೋಗಿಯೇಬಿಟ್ಟೆ.

ಈ ಸಲದ ನಾಟಿಯಲ್ಲಿ ಟ್ರ್ಯಾಕ್ಟರು ಕೆಟ್ಟಿತು. ಹುಲಿಗೆಮ್ಮತ್ತೆ ಮನೆಗೆ ಬಂದು, "ನಿನಗ ರಜಾ ಐತಲ್ಲ, ಗದ್ದಿಗೆ ಬಿಟ್ಟು ಬಾರವ್ವಾ" ಅಂದಳು. ಅಂಗಳದಲ್ಲಿ ನಿಂತೇ ಇದ್ದ ಜೀಪಿಗೆ ಹೊಸ ಬ್ಯಾಟರಿ, ಎಡಕ್ಕೆ ಹೊಸ ಟೈರು ಹಾಕಿಸಿದೆ. ಹೆಣ್ಣುಮಕ್ಕಳೆಲ್ಲ ಹತ್ತಿದರು. ಊರು ದಾಟುವುದರೊಳಗೆ ಸ್ಟೇರಿಂಗು ನನ್ನ ಕೈಯನ್ನು ಎಡಕ್ಕೆ ಎಳೆಯಿತು. ಬಲಕ್ಕೆ ತಿರುವಿ ಹಿಡಿದೆ. ಬಿಟ್ಟರೆ ಸೀದಾ ಕಾಲುವೆ ಕಡೆಗೆ. ಹುಲಿಗೆಮ್ಮತ್ತೆ ನನ್ನ ಕೈಯನ್ನೇ ನೋಡುತ್ತಿದ್ದಳು. "ನಿಮ್ಮಪ್ಪನೂ ಹಿಂಗ ಹಿಡೀತಿದ್ದ" ಅಂದಳು.

ಕಂಪ್ಲಿಯ ಮೆಕ್ಯಾನಿಕ್ಕಿಗೆ ಈ ಸಲ ಮಂದಿಯನ್ನು ಕೂರಿಸಿಯೇ ತೋರಿಸಿದೆ. ಎಡ ಚಕ್ರದ ಬಳಿ ಸ್ಪ್ರಿಂಗಿನ ಉಕ್ಕಿನ ಪಟ್ಟಿಗಳನ್ನು ಹಿಡಿದಿಡುವ ನಡುವಿನ ಬೋಲ್ಟು ಒಳಗೇ ತುಂಡಾಗಿತ್ತು. ಭಾರ ಬಿದ್ದರೆ ಆಕ್ಸಲ್ ಆ ಕಡೆ ಹಿಂದಕ್ಕೆ ಸರಿಯುತ್ತಿತ್ತು, ಖಾಲಿಯಾದರೆ ಮತ್ತೆ ಜಾಗಕ್ಕೆ ಬರುತ್ತಿತ್ತು. ಮನೆಗೆ ಬಂದು, ಗೋಡೆಗೆ ಒರಗಿಸಿದ್ದ ಹಳೇ ಟೈರನ್ನು ಅಂಗೈಯಿಂದ ಸವರಿದೆ. ಹೊರಗಿಂದ ಒಳಕ್ಕೆ ನುಣುಪು. ಒಳಗಿಂದ ಹೊರಕ್ಕೆ... ನೀನು ಹೇಳಿದಂತೆಯೇ ಇತ್ತಪ್ಪಾ.

ಮರುದಿನ ಅದೇ ಅಂಗಳದಲ್ಲಿ, ಅದೇ ಹೆಣ್ಣುಮಕ್ಕಳ ಮುಂದೆ ನಿಂತು ಹೇಳಿದೆ: "ನಮ್ಮಪ್ಪನ ಕಣ್ಣು ಚಲೋ ಇದ್ವು. ತಪ್ಪು ನಂದು." ಯಾರೂ ಆಶ್ಚರ್ಯಪಡಲಿಲ್ಲ. ಹುಲಿಗೆಮ್ಮತ್ತೆ ಸೆರಗಿನಿಂದ ಮೂಗು ಒರೆಸಿಕೊಂಡಳು. "ನಮಗ ಗೊತ್ತಿತ್ತವ್ವಾ. ನಿನಗ ಹೇಳ್ತೀವಿ ಅಂದ್ವಿ, ಅಂವ ಬ್ಯಾಡ ಅಂದ. 'ನನ್ನ ಮಗಳು ದೊಡ್ಡ ಗಾಡಿ ಡ್ರೈವರು, ನಾಕು ಮಂದ್ಯಾಗ ಆಡಿದ ಮಾತು. ಅದನ್ನ ಸುಳ್ಳು ಮಾಡಬ್ಯಾಡ್ರಿ' ಅಂದ. ದೂರದಿಂದ ನಮ್ಮನ್ನ ಹೆಸರು ಹಿಡದು ಕರಿಯಾಂವ, ನೀ ಊರಿಗೆ ಬಂದಾಗಷ್ಟ ಕಣ್ಣು ಕಾಣದಾಂಗ ಕುಂದ್ರತಿದ್ದ."

ಅಪ್ಪಾ, ಹಾಗಾದರೆ ಅವತ್ತು ನನ್ನನ್ನು ನೋಡಿಯೇ ಹಾಗೆ ಕೇಳಿದೆಯಾ? ನಾನು ಒಳಗೊಳಗೇ ಸಮಾಧಾನಪಟ್ಟದ್ದೂ ನಿನಗೆ ಕಾಣಿಸಿತ್ತಾ?

ನಾಟಿ ಮುಗಿಯುವವರೆಗೆ ನನ್ನ ರಜೆಗಳೆಲ್ಲ ಈ ಹೆಣ್ಣುಮಕ್ಕಳಿಗೇ. ಜೀಪು ಈಗ ತುಂಬಿದಾಗಲೂ ನೆಟ್ಟಗೆ ಹೋಗುತ್ತದೆ. ನಿನ್ನ ಕಟ್ಟೆಯ ಮುಂದೆ ಬಂದಾಗ ವೇಗ ಕಡಿಮೆ ಮಾಡಿ, ಜೀಪಿನೊಳಗಿದ್ದವರಿಗೆ ಕೇಳಿಸಿದರೂ ಕೇಳಿಸಲಿ ಅಂತ ದಿನಾ ಹೇಳುತ್ತೇನೆ: ನಾನಪ್ಪಾ, ನಿನ್ನ ಮಗಳು.