ಅಕ್ಕನ ಬೀರುವಿಗೆ ಬಾಗಿಲು

ಪ್ರೀತಿಯ ಅಕ್ಕಾ,

ಭಾವನ ಮಂಡಿನೋವು ಇಳಿದಿದೆ, ನಿನ್ನ ಮಗಳ ಕೆಮ್ಮು ವಾಸಿಯಾಗಿದೆ, ನಾನೂ ಗಟ್ಟಿಯಾಗಿದ್ದೇನೆ. ನೀನು ತೀರಿಕೊಂಡ ಮೇಲೆ ನಿನ್ನ ಕ್ಷೇಮವನ್ನು ಯಾರ ಹತ್ತಿರ ಕೇಳಬೇಕೋ ತಿಳಿಯದು.

ಇವತ್ತು ನಿನ್ನ ಬೀರುವಿಗೆ ಬಾಗಿಲು ಕೂರಿಸಿದೆ! ಹನ್ನೊಂದು ವರ್ಷ ‘ನಾಳೆ’ ಎಂದ ಈ ಆರಂಭಶೂರ ಬಡಗಿಗೆ ಇರುವುದು ಸೋಮಾರಿತನವಲ್ಲ, ಗಮನ ಒಂದೆಡೆ ನಿಲ್ಲದ ಎಡಿಎಚ್‌ಡಿ ಎಂದು ಹೋದ ವರ್ಷ ಡಾಕ್ಟರು ಹೇಳಿದರು. ನನ್ನಂಥವರದೇ ಒಂದು ಗುಂಪು ಮೊಬೈಲಿನಲ್ಲಿ ಸಿಕ್ಕಿತು. ಎಲ್ಲರೂ ವಿಡಿಯೋ ಹಾಕಿಟ್ಟುಕೊಂಡು, ಮಾತಿಲ್ಲದೆ ತಂತಮ್ಮ ಕೆಲಸ ಮಾಡುತ್ತೇವೆ. ಯಾರೋ ಜೊತೆಗಿದ್ದಾರೆ ಅಂದರೆ ನನ್ನ ಕೈ ನಿಲ್ಲುವುದಿಲ್ಲ.

ಹಾಗಂತ ಮೊಬೈಲು ಸಾಧುವೇನಲ್ಲ. ಕೀಲು ಕೂರಿಸುವ ಒಂದು ವಿಡಿಯೋ ನೋಡಲು ಹೋಗಿ ನಲವತ್ತು ನೋಡಿದೆ. ಕಲಸಿಟ್ಟ ಅಂಟು ಕಲ್ಲಾಯಿತು. ಇವತ್ತು ಮೊದಲ ಬಾಗಿಲು ಕೂತಾಗ ಗುಂಪಿನವರ ಮೆಚ್ಚುಗೆ ಸುರಿಯಿತು. ಅದನ್ನೇ ಓದುತ್ತಾ ಕೂತರೆ ಎರಡನೆಯದು ಕೆಟ್ಟೀತು ಎಂದು ಮೊಬೈಲನ್ನು ನಿನ್ನ ಮಗಳ ಕೈಗೆ ಕೊಟ್ಟು, ಮುಗಿಸಿಯೇ ಎದ್ದೆ.

ಭಾವ ತೆಗೆದು ಮುಚ್ಚಿ, ತೆಗೆದು ಮುಚ್ಚಿ, “ಹನ್ನೊಂದೇ ವರ್ಷಕ್ಕೆ ಮುಗಿಸಿಬಿಟ್ಯಾ? ಏನಪ್ಪಾ ಇಷ್ಟು ಅವಸರ!” ಎಂದರು. ಬಾಗಿಲಿಲ್ಲವೆಂದು ನೀನು ಹೊಲಿದು ಕಟ್ಟಿದ್ದ ಪರದೆಯನ್ನು ನಾನು ಬೆಳಿಗ್ಗೆ ಬಿಚ್ಚಿಟ್ಟಿದ್ದೆ. ಭಾವ ಎಲ್ಲಕ್ಕಿಂತ ಮೊದಲು ಅದನ್ನೇ ಮಡಚಿ ಒಳಗಿಟ್ಟರು.

ಬಾಗಿಲು ಹೇಗೆ ಕೂತಿದೆ ಅಂತ ಬೇಗ ಬರೆ.

ನಿನ್ನ ತಮ್ಮ