ಒಂದು ಎಳೆ ಹೊರಗಿದೆ

ಶುಕ್ರವಾರ, ಮಧ್ಯಾಹ್ನ
ಕಾರ್ಖಾನೆಯ ಅಚ್ಚಿನ ಕೋಣೆಯಿಂದ

ಮಗಳೇ,

ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ಮೊದಲು ‘ಸೊಸೆಗೆ’ ಎಂದು ಶುರು ಮಾಡಿದ್ದೆ, ಹೊಡೆದುಹಾಕಿ ಬೇರೆ ಹಾಳೆ ತೆಗೆದುಕೊಂಡೆ. ನೀವಿಬ್ಬರೂ ಕೋರ್ಟಿನಲ್ಲಿ ಸಹಿ ಹಾಕಿ ಗಂಡ ಹೆಂಡತಿ ಅಲ್ಲ ಎಂದು ಮಾಡಿಕೊಂಡಿರಿ, ಸರಿ. ಅತ್ತೆಯ ಸಹಿಯನ್ನು ಯಾರೂ ಕೇಳಲಿಲ್ಲ. ಹಾಗಾಗಿ ನನ್ನ ಕಡೆಯದು ಇದ್ದ ಹಾಗೇ ಇದೆ.

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ತಡವಾದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಕಾರಣ ಇದೆ, ಅದನ್ನು ಕೊನೆಗೆ ಬರೆಯುತ್ತೇನೆ. ಈಗಲೇ ಬರೆದರೆ ಉಳಿದದ್ದನ್ನು ನೀನು ಸರಿಯಾಗಿ ಓದುವುದಿಲ್ಲ, ನನಗೆ ಗೊತ್ತು. ಅಂಗಡಿಗಳಿಗೆ ಹೆಸರಿನ ಫಲಕ ಬರೆಯುವ ಕೆಲಸ ಸಿಕ್ಕಿದೆ ಎಂದು ನೀನು ಬರೆದಿದ್ದೆ. ಓದಿ ಸಂತೋಷವಾಯಿತು. ಆದರೆ ಸಮುದ್ರವೇ ಇಲ್ಲದ ಊರಿನಲ್ಲಿ ನೀನು ಹೇಗಿದ್ದೀಯೋ! ‘ಹಲಗೆ ಲೋಕದ ಸುದ್ದಿ ಬರೆಯಿರಿ ಅತ್ತೆ, ಇಲ್ಲಿ ಬಾಡಿಬೋರ್ಡ್ ಅಂದರೆ ಬಸ್ಸಿಗೆ ಹಾಕುವ ತಗಡು ಅಂದುಕೊಳ್ಳುತ್ತಾರೆ’ ಎಂದು ಕೇಳಿದ್ದೆಯಲ್ಲ, ಓದಿ ನಕ್ಕೆ. ಇಲ್ಲೂ ಹಾಗೇ. ಮೊನ್ನೆ ಬಸ್ಸಿನಲ್ಲಿ ಪಕ್ಕ ಕೂತವಳು ಏನು ಕೆಲಸ ಎಂದು ಕೇಳಿದಳು. ಹಲಗೆಗೆ ಮುದ್ರೆ ಹಾಕುವುದು ಎಂದೆ. ಯಾವ ಶಾಲೆಗೆ ಎಂದಳು. ಶಾಲೆಯ ಹಲಗೆಯಲ್ಲಮ್ಮ, ಅದರ ಮೇಲೆ ಹೊಟ್ಟೆ ಕೊಟ್ಟು ಮಲಗಿ ಅಲೆಯ ಜೊತೆ ದಡಕ್ಕೆ ಜಾರಿ ಬರುತ್ತಾರೆ, ಆ ಹಲಗೆ ಎಂದೆ. ‘ಮಲಗೋಕೆ ಮನೇಲಿ ಹಾಸಿಗೆ ಇಲ್ವಾ ಅವರಿಗೆ?’ ಎಂದಳು. ಏನು ಹೇಳಲಿ!

ಸುದ್ದಿ ಅಂದರೆ ಒಳ್ಳೆಯದೂ ಇದೆ, ಕೆಟ್ಟದ್ದೂ ಇದೆ. ನೀನು ಹಾಳೆ ಹರಿದು ಗೋಡೆಗೆ ಅಂಟಿಸುತ್ತಿದ್ದ ಆ ಪತ್ರಿಕೆ ನಿಂತುಹೋಯಿತು. ಇನ್ನು ಎಲ್ಲ ಫೋನಿನಲ್ಲೇ ಅಂತೆ. ನಿಂತುಹೋಗಿದ್ದ ದೊಡ್ಡ ಪಂದ್ಯ ಈ ವರ್ಷ ಮತ್ತೆ ಶುರುವಾಗುತ್ತದೆ, ಹೆಣ್ಣುಮಕ್ಕಳಿಗೂ ಗಂಡಸರಷ್ಟೇ ಬಹುಮಾನ ಎಂದು ಸಾರಿದ್ದಾರೆ. ಪಕ್ಕದ ಬೀದಿಯ ಕಾರ್ಖಾನೆಯನ್ನು ನಿಂತು ಸವಾರಿ ಮಾಡುವ ಹಲಗೆಯ ದೊಡ್ಡ ಕಂಪನಿ ಕೊಂಡುಕೊಂಡಿತು. ನಿಂತು ಹೋಗುವವರಿಗೆ ನಮ್ಮವರನ್ನು ಕಂಡರೆ ಯಾವಾಗಲೂ ತಮಾಷೆ, ‘ಎದ್ದು ನಿಲ್ಲೋಕೆ ಬರದವರು’ ಎಂದು. ಅಂದುಕೊಳ್ಳಲಿ. ದೇವರ ಮುಂದೆ ಅಡ್ಡಬಿದ್ದವರ ಹಾಗೆ ಮಲಗಿ ಅಷ್ಟು ದೊಡ್ಡ ನೀರಿಗೆ ಎದೆ ಕೊಡುತ್ತಾರಲ್ಲ, ನನಗೆ ಅದೇ ಇಷ್ಟ.

ಅಂಟಣ್ಣ ನಿನ್ನನ್ನು ಕೇಳಿದ ಎಂದು ಬರೆಯಲು ಹೇಳಿದ್ದಾನೆ. ಫೋಮಿಗೆ ಹಾಳೆ, ಹಾಳೆಗೆ ಅಂಚು, ಎಲ್ಲವನ್ನೂ ಅಂಟಿಸುತ್ತಾನೆ, ಒಂದು ಹೆಣ್ಣಿಗೆ ಮಾತ್ರ ಇನ್ನೂ ಅಂಟಿಕೊಂಡಿಲ್ಲ. ಕಾರ್ಖಾನೆಯ ಯಜಮಾನರಿಗೆ ಮಂಡಿ ನೋವು, ಬೈಗುಳಕ್ಕೆ ಏನೂ ಕಡಿಮೆಯಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಎಷ್ಟೋ ಊರುಗಳಲ್ಲಿ ಆಟದ ಸಾಮಾನಿನ ಅಂಗಡಿ ಇಟ್ಟಿರುವವರೊಬ್ಬರು ನಮ್ಮ ಹಲಗೆ ತೆಗೆದುಕೊಳ್ಳುತ್ತೇವೆ ಎಂದರು. ಯಜಮಾನರು ಖುಷಿಗೆ ಮಂಡಿ ನೋವನ್ನೇ ಮರೆತರು. ಆದರೆ ಅವರ ಕಡೆಯಿಂದ ಒಂದು ಮಾತು ಬಂತು. ಹಲಗೆ ಚೆನ್ನಾಗಿದೆ, ಲೋಗೋ ಮಾತ್ರ ಹಳೆಯದು, ಅಲೆಯ ಚಿತ್ರ ಎಲ್ಲರ ಹಲಗೆಯ ಮೇಲೂ ಇರುತ್ತದೆ, ಬೇರೆ ಮಾಡಿಸಿ ಎಂದು.

ಅಲೆಯಂತೆ! ನಗು ಬಂತು. ಗುಟ್ಟು ನನಗೂ ನಿನಗೂ ಮಾತ್ರ ಗೊತ್ತಲ್ಲ. ನೀನು ಹೊಸದಾಗಿ ಮನೆಗೆ ಬಂದಾಗ, ನಾನು ಇದೇ ಮೇಜಿಗೆ ಬಗ್ಗಿ ಬಣ್ಣ ಎಳೆಯುತ್ತಿದ್ದಾಗ, ನೀನು ಹಿಂದೆ ಕೂತು ಫೋಮಿನ ತುಂಡಿನ ಮೇಲೆ ನನ್ನ ತುರುಬನ್ನು ಬರೆದೆ. ‘ಅತ್ತೆ, ಅಲ್ಲಾಡಬೇಡಿ’ ಎಂದೆ. ಆಮೇಲೆ, ‘ಅತ್ತೆ, ಒಂದು ಎಳೆ ಹೊರಗಿದೆ’ ಎಂದು ಎದ್ದು ಬಂದೆ. ಸಿಕ್ಕಿಸಲು ಕೈ ಹಾಕಿ, ‘ಬೇಡ, ಇರಲಿ, ಅದೇ ಚೆನ್ನ’ ಎಂದು ವಾಪಸು ಹೋಗಿ ಆ ಎಳೆಯನ್ನೂ ಬರೆದೆ. ಯಜಮಾನರು ನೋಡಿ, ‘ಭೇಷ್, ಎಂಥಾ ಅಲೆ!’ ಎಂದು ಅದನ್ನೇ ನಮ್ಮ ಹಲಗೆಯ ಗುರುತು ಮಾಡಿದರು. ಪಕ್ಕದ ಮೇಜಿನಲ್ಲಿ ಕೆಲಸದಲ್ಲಿದ್ದ ನನ್ನ ಮಗನೂ ‘ಅಲೆ ಚೆನ್ನಾಗಿದೆ’ ಎಂದ. ನಾವಿಬ್ಬರೂ ಮುಖ ಮುಖ ನೋಡಿಕೊಂಡು ಸುಮ್ಮನಾದೆವು. ಅಂದಿನಿಂದ ನನ್ನ ತುರುಬು ಸಮುದ್ರದಲ್ಲಿ ಮುಳುಗಿ ಏಳುತ್ತಾ ಇದೆ.

ಲೋಗೋ ಬದಲಾಯಿಸುವ ಮಾತು ಬಂದಾಗ ನನ್ನ ಮಗ ತಕ್ಷಣ ‘ತೆಗೆದೇಬಿಡೋಣ’ ಎಂದ. ಯಾಕೆ ಎಂದು ಯಾರೂ ಕೇಳಲಿಲ್ಲ. ನೀನು ಬರೆದದ್ದು ಕಣ್ಣೆದುರು ಇರುವುದು ಅವನಿಗೆ ಬೇಡವಾಗಿತ್ತು. ಕೋರ್ಟಿನಿಂದ ಬಂದ ವಾರವೇ ನಿನ್ನ ಚಿತ್ರವನ್ನು ಅಚ್ಚು ಹಾಕುವ ಆ ಬಲೆಬಟ್ಟೆಯ ಸ್ಕ್ರೀನನ್ನು ಔಷಧಿ ಹಾಕಿ ತೊಳೆದುಬಿಟ್ಟಿದ್ದ. ಫೋಮಿನ ತುಂಡನ್ನೂ ಎಸೆದಿದ್ದ. ಕೋಪದಲ್ಲಿ ಪಾತ್ರೆ ಒಡೆಯುವವರಿಗಿಂತ ತೊಳೆಯುವವನು ವಾಸಿ ಎಂದುಕೊಂಡೆ.

ಕಂಪ್ಯೂಟರಿನ ಮುಂದೆ ಕೂತು ಅವನೇ ಒಂದು ಹೊಸದು ಮಾಡಿದ. ಶಾರ್ಕಿನ ಬಾಯಿ, ತುಂಬಾ ಹಲ್ಲು. ಯಜಮಾನರು ನೋಡಿ, ‘ಇದೇನೋ, ಹಲ್ಲುಪುಡಿ ಡಬ್ಬಿ ಇದ್ದ ಹಾಗಿದೆ’ ಎಂದರು. ಖರೀದಿಯವರು ಬರುವ ದಿನ ಹತ್ತಿರ ಬಂತು. ಸದ್ಯಕ್ಕೆ ಹಳೆಯ ಗುರುತನ್ನೇ ಹಾಕಿ ತೋರಿಸೋಣ ಎಂದಾಯಿತು. ಸ್ಕ್ರೀನ್ ಎಲ್ಲಿದೆ? ಯಾವುದೋ ಹಳೆಯ ಹಲಗೆಯ ತಳದ ಫೋಟೋ ತೆಗೆದು, ಅದರಿಂದ ಅವನೇ ಬೇರೆ ಸ್ಕ್ರೀನ್ ಮಾಡಿದ, ಅವನೇ ಅಚ್ಚು ಹಾಕಿದ. ಆ ದಿನ ನಾನು ಕೆಲಸಕ್ಕೆ ಹೋಗಿರಲಿಲ್ಲ.

ಮಾರನೇ ದಿನ ಬಂದು ನೋಡುತ್ತೇನೆ, ತುರುಬು ಆಚೆ ಕಡೆಗೆ ತಿರುಗಿದೆ! ಮರಳು ಉಜ್ಜಿ ಬಣ್ಣ ಹೋಗಬಾರದೆಂದು ತಳದ ಪಾರದರ್ಶಕ ಹಾಳೆಗೆ ಒಳಮೈಯಿಂದ ಅಚ್ಚು ಹಾಕುತ್ತೇವಲ್ಲ. ಅಲ್ಲಿ ತಿರುಗಿಸಿ ಹಾಕಿದರೇ ಹೊರಗೆ ನೆಟ್ಟಗೆ ಕಾಣುವುದು. ನೀನು ಸ್ಕ್ರೀನಿನ ಚೌಕಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿದ್ದೆ, ‘ಉಲ್ಟಾ ಹಾಕಿದರೆ ಸರಿ, ಸರಿಯಾಗಿ ಹಾಕಿದರೆ ಉಲ್ಟಾ’ ಎಂದು. ತೊಳೆಯುವಾಗ ಆ ಮಾತನ್ನೂ ತೊಳೆದಿದ್ದ. ದೇವರೂ ನಮ್ಮೆಲ್ಲರಿಗೆ ಒಳಮೈಯಿಂದಲೇ ಅಚ್ಚು ಹಾಕಿದ್ದಾನೇನೋ ಎಂದು ಒಮ್ಮೊಮ್ಮೆ ಅನಿಸುತ್ತದೆ. ನಾವು ಈ ಕಡೆ ನಿಂತು ಎಲ್ಲ ತಿರುಗುಮುರುಗಾಗಿದೆ ಎಂದು ಅಳುತ್ತೇವೆ. ಆ ಕಡೆಯಿಂದ ನೋಡುವವನಿಗೆ ಸರಿಯಾಗಿಯೇ ಕಾಣುತ್ತಿರಬಹುದು.

ಮತ್ತೆ ಮಾಡಲು ಹೊತ್ತಿರಲಿಲ್ಲ. ಖರೀದಿಯವರು ಬಂದೇಬಿಟ್ಟರು. ನಾನು ಯಾರೋ ಟೈ ಕಟ್ಟಿದ ಗಂಡಸು ಅಂದುಕೊಂಡಿದ್ದೆ. ಬಂದದ್ದು ನನ್ನ ವಯಸ್ಸಿನ ಹೆಂಗಸು, ದಪ್ಪ ಕನ್ನಡಕ. ಹಳೆಯ ಹಲಗೆ ಒಂದು, ಹೊಸದು ಒಂದು, ಎರಡನ್ನೂ ಮೇಜಿನ ಮೇಲೆ ಮಗುಚಿ ಹಾಕಿಸಿದರು.

‘ಒಂದರಲ್ಲಿ ಈ ಕಡೆ, ಇನ್ನೊಂದರಲ್ಲಿ ಆ ಕಡೆ. ಯಾವುದು ಸರಿ?’

ನನ್ನ ಮಗ ಹೇಳಿದ, ‘ಯಾವ ಕಡೆ ಆದರೇನು ಮೇಡಂ, ಅಲೆ ಅಲೆಯೇ. ಹೇಗೂ ತೆಗೆಯೋದೇ ಅಲ್ವಾ.’

ಆಯಮ್ಮ ಹಳೆಯ ಹಲಗೆಯನ್ನು ಎತ್ತಿ ಗೋಡೆಗೆ ಒರಗಿಸಿ ನಿಲ್ಲಿಸಿದರು. ಹಿಂದೆ ಸರಿದು ನೋಡಿದರು. ಆಮೇಲೆ ತಮ್ಮ ಕತ್ತಿನ ಹಿಂದೆ ಕೈ ಇಟ್ಟುಕೊಂಡು ನಗಲು ಶುರು ಮಾಡಿದರು.

‘ಅಲೆ ಅಂತ ನಿಮಗೆ ಯಾರು ಹೇಳಿದ್ದು? ತುರುಬು ರೀ ಇದು! ನಮ್ಮಮ್ಮ ಹೀಗೇ ಕಟ್ಟುತ್ತಿದ್ದರು. ಇಲ್ಲಿ ನೋಡಿ, ಒಂದು ಎಳೆ ಹೊರಗಿದೆ. ನಿಮ್ಮ ಹೊಸದರಲ್ಲಿ ಆ ಎಳೆಯೇ ಇಲ್ಲ.’

‘ತುರುಬಾ?’ ಎಂದರು ಯಜಮಾನರು.

ಅಂಟಣ್ಣ ಹೊಟ್ಟೆ ಹಿಡಿದುಕೊಂಡ. ‘ಅಯ್ಯೋ ಶಿವನೇ, ಇಷ್ಟು ವರ್ಷ ಈ ಹುಡುಗರೆಲ್ಲ ಯಾರದೋ ತಲೆ ಮೇಲೆ ಸವಾರಿ ಮಾಡ್ತಿದ್ರಾ!’

‘ಯಾರ ತುರುಬು ಇದು?’ ಎಂದು ಆಯಮ್ಮ ಕೇಳಿದರು.

ನನ್ನ ಮಗ ಆ ಹಲಗೆ ನೋಡಿದ, ತಿರುಗಿ ನನ್ನ ತಲೆ ನೋಡಿದ. ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಮೇಜಿನ ಮೇಲೆ ಇಟ್ಟು ಹೊರಗೆ ನಲ್ಲಿಯ ಹತ್ತಿರ ಹೋದ. ಬಹಳ ಹೊತ್ತು ನೀರು ಬಿಟ್ಟ ಸದ್ದು ಕೇಳುತ್ತಿತ್ತು.

ಹೋಗುವಾಗ ಆಯಮ್ಮ ಖಡಾಖಂಡಿತವಾಗಿ ಹೇಳಿದರು. ಅಲೆ ಎಲ್ಲರ ಹತ್ತಿರವೂ ಇದೆ, ತುರುಬು ಯಾರ ಹತ್ತಿರವೂ ಇಲ್ಲ. ಇದೇ ಇರಲಿ. ಆದರೆ ಫೋಟೋದಿಂದ ಎತ್ತಿದ ನಕಲು ಬೇಡ, ಬರೆದವರೇ ಇನ್ನೊಮ್ಮೆ ಬರೆದುಕೊಡಲಿ, ಅವರ ಹೆಸರನ್ನು ಹಲಗೆಯ ಅಂಚಿನಲ್ಲಿ ಹಾಕಿ. ಪಂದ್ಯ ಶುರುವಾಗುವುದರೊಳಗೆ ಸಿಗದಿದ್ದರೆ ನಮ್ಮ ಆಫೀಸಿನ ಗುರುತನ್ನೇ ಹಾಕಿ ಕಳಿಸಿ, ಕಾಯುವುದಕ್ಕೆ ಆಗುವುದಿಲ್ಲ ಎಂದರು.

ಸಂಜೆ ಮನೆಯಲ್ಲಿ ತಟ್ಟೆಯ ಮುಂದೆ ಕೂತು ಅವನು ಕೇಳಿದ, ‘ಅಮ್ಮಾ, ನಿನಗೆ ಮೊದಲಿಂದ ಗೊತ್ತಿತ್ತಾ?’

‘ಗೊತ್ತಿತ್ತು.’

‘ಅವಳು ನನಗೆ ಯಾಕೆ ಹೇಳಲಿಲ್ಲ?’

‘ನೋಡಿದ ಕೂಡಲೇ ಅಲೆ ಅಂದವನು ನೀನು. ಏನಿದು ಅಂತ ಒಂದು ಮಾತು ಕೇಳಿದ್ದರೆ ಹೇಳುತ್ತಿದ್ದಳು.’

ಅವನು ತಟ್ಟೆಯಲ್ಲೇ ಗೆರೆ ಎಳೆಯುತ್ತಾ ಕೂತಿದ್ದ. ಆಮೇಲೆ ‘ನೀನೇ ಬರೆ ಅವಳಿಗೆ. ನಾನು ಬರೆದರೆ ಬಿಚ್ಚುವುದೂ ಇಲ್ಲ’ ಎಂದ. ಹಾಗಾಗಿ ಬರೆಯುತ್ತಿದ್ದೇನೆ. ನಿಮ್ಮಿಬ್ಬರನ್ನು ಮತ್ತೆ ಸೇರಿಸುವ ಹಂಚಿಕೆ ಇದರಲ್ಲಿ ಇಲ್ಲ, ಹೆದರಬೇಡ. ಮುರಿದ ಹಲಗೆಗೆ ಎಷ್ಟೇ ಅಂಟು ಹಾಕಿದರೂ ಗೋಡೆಗೆ ತೂಗುಹಾಕಬಹುದೇ ಹೊರತು ನೀರಿಗೆ ಇಳಿಸಬಾರದು ಎಂದು ಅಂಟಣ್ಣ ಹೇಳುತ್ತಾನೆ. ಅಂಟಿನ ವಿಷಯ ಅವನಿಗಿಂತ ಬಲ್ಲವರಿಲ್ಲ.

ಬರೆದುಕೊಡಲು ಮನಸ್ಸಿದ್ದರೆ ಬರೆದುಕೊಡು, ಇಲ್ಲದಿದ್ದರೆ ಇಲ್ಲ ಎಂದು ಒಂದು ಸಾಲು ಹಾಕು. ಕೂಲಿಯ ಮಾತು ಯಜಮಾನರು ನಿನಗೇ ಬರೆಯುತ್ತಾರೆ, ನಾನು ಅದರಲ್ಲಿ ಬಾಯಿ ಹಾಕುವುದಿಲ್ಲ. ನೀನು ಬರೆದರೆ ಅಚ್ಚು ಮಾತ್ರ ನಾನೇ ಹಾಕುತ್ತೇನೆ, ತಿರುಗಿಸಿ ಹಾಕಲು ಮರೆಯುವುದಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಏಣಿ ಹತ್ತಿ ಫಲಕ ಬರೆಯುವಾಗ ಕೆಳಗೆ ಯಾರಾದರೂ ಹಿಡಿದುಕೊಂಡಿರಲಿ. ಬೆಳಿಗ್ಗೆ ದೇವರ ಹೆಸರು ಹೇಳುವಾಗ ನಿನ್ನ ಹೆಸರನ್ನೂ ಸೇರಿಸಿ ಹೇಳುತ್ತೇನೆ. ಅವನಿಗೆ ನೀನು ಯಾರ ಸೊಸೆ ಎಂದು ವಿವರಿಸಬೇಕಾಗಿಲ್ಲ. ನಿನ್ನ ಕೈ ನಡುಗದಿರಲಿ, ಕಣ್ಣು ಚೆನ್ನಾಗಿರಲಿ.

ಇನ್ನೂ ನಿನ್ನ,
ಅತ್ತೆ

ತಾಜಾ ಕಲಂ: ಕೊನೆಗೆ ಬರೆಯುತ್ತೇನೆ ಎಂದೆನಲ್ಲ. ನಾನು ಬಸ್ಸಿನಲ್ಲಿ ಹೋಗುತ್ತಿದ್ದದ್ದು ದೊಡ್ಡ ಆಸ್ಪತ್ರೆಗೆ. ಎದೆಯಲ್ಲಿ ಗಂಟಾಗಿತ್ತು, ತೆಗೆದಿದ್ದಾರೆ. ಈಗ ಔಷಧಿ ಏರಿಸುತ್ತಾರೆ, ಏರಿಸಿದ ವಾರ ಕೈಗೆ ಪೆನ್ನು ಹಿಡಿಯುವ ಶಕ್ತಿ ಇರುವುದಿಲ್ಲ. ಡಾಕ್ಟರಮ್ಮ ಒಳ್ಳೆಯವರು, ವಾಸಿಯಾಗುತ್ತದೆ ಅನ್ನುತ್ತಾರೆ. ಆದೀತು, ಆಗದೆಯೂ ಇರಬಹುದು, ಅದು ದೇವರಿಗೆ ಬಿಟ್ಟದ್ದು. ಕೂದಲು ಹಿಡಿ ಹಿಡಿಯಾಗಿ ಬಂತು. ದಿಂಬಿನ ಮೇಲೆ ನೋಡಲಾಗದೆ ನನ್ನ ಮಗನೇ ಕೂರಿಸಿಕೊಂಡು ಪೂರ್ತಿ ಬೋಳಿಸಿದ. ಹುಷಾರಾಗಿ ಬೋಳಿಸಿದ, ಒಂದು ಗೀರೂ ಆಗಲಿಲ್ಲ. ಈಗ ತಲೆಗೆ ಬಟ್ಟೆ ಕಟ್ಟಿಕೊಂಡು ಕೆಲಸಕ್ಕೆ ಬರುತ್ತೇನೆ. ಆವತ್ತು ಅವನು ತಿರುಗಿ ನೋಡಿದ್ದು ಈ ತಲೆಯನ್ನು.

ಇವತ್ತಿಗೂ ಮೇಜಿಗೆ ಬಗ್ಗುವ ಮೊದಲು ಕೈ ತಾನಾಗಿ ಹಿಂದಕ್ಕೆ ಹೋಗುತ್ತದೆ. ನನ್ನ ತುರುಬನ್ನು ಹಿಂದಿನಿಂದ ನಾನು ಯಾವತ್ತೂ ನೋಡಿಲ್ಲ, ನಿನ್ನ ಚಿತ್ರದಲ್ಲೇ ನೋಡಿದ್ದು. ಈ ಸಲ ನೋಡಿಕೊಂಡು ಬರೆಯಲು ಅದಿಲ್ಲ, ನೆನಪಿನಿಂದಲೇ ಬರೆ. ಆ ಎಳೆಯನ್ನು ಮಾತ್ರ ಒಳಗೆ ಸೇರಿಸಬೇಡ, ಹೊರಗೇ ಇರಲಿ.